ಕಚೇರಿಯ ಗಣಕಯಂತ್ರ ಚಾಲನೆಯಾಗದಿದ್ದಾಗ: ದೋಷವನ್ನು ಗುರುತಿಸುವ ಕ್ರಮ

ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರವು ಒಂದು ಬೆಳಿಗ್ಗೆ ಚಾಲನೆಯಾಗದೇ ಹೋದರೆ ಅದರೊಡನೆ ಹಲವು ಕೆಲಸಗಳು ನಿಲ್ಲುತ್ತವೆ. ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11ನ್ನು ಪಡೆಯಲು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಪಂಚತಂತ್ರ ತಂತ್ರಾಂಶದಲ್ಲಿ ತೆರಿಗೆ ವಸೂಲಿಯ ದಾಖಲೆ ಬಾಕಿ ಉಳಿಯುತ್ತದೆ. ಉದ್ಯೋಗ ಖಾತರಿ ಕಾಮಗಾರಿಯ ಕೂಲಿ ಪಟ್ಟಿ ಸಿದ್ಧವಾಗುವುದಿಲ್ಲ. ಹದಿನೈದು ದಿನಗಳೊಳಗೆ ಕೂಲಿಕಾರರ ಖಾತೆಗೆ ಸೇರಬೇಕಾದ ಹಣಕ್ಕೆ ಕಚೇರಿಯ ಮೇಜಿನ ಕೆಳಗಿನ ಒಂದು ಸಡಿಲ ತಂತಿ ಅಡ್ಡಿಯಾಗುವುದು ಅಸಂಭವವಲ್ಲ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಯಾವ ಪರಿಶೀಲನೆಯನ್ನೂ ನಡೆಸದೆ ತಾಲ್ಲೂಕು ಕೇಂದ್ರದಿಂದ ತಂತ್ರಜ್ಞರು ಬರುವವರೆಗೆ ದಿನಗಟ್ಟಲೆ ಕಾಯುವುದು ಮೊದಲನೆಯದು. ‘ಮದರ್‌ಬೋರ್ಡ್ ಸುಟ್ಟಿದೆ’ ಎಂಬ ಬಾಯಿಮಾತನ್ನು ನಂಬಿ ಹೊಸ ಯಂತ್ರದ ಖರೀದಿಯನ್ನು ಸಭೆಯ ಮುಂದಿಡುವುದು ಎರಡನೆಯದು. ಒಂದರಲ್ಲಿ ಸಾರ್ವಜನಿಕರ ಸಮಯ ನಷ್ಟವಾಗುತ್ತದೆ, ಇನ್ನೊಂದರಲ್ಲಿ ಪಂಚಾಯಿತಿಯ ನಿಧಿ. ಎರಡಕ್ಕೂ ಮೂಲ ಕಾರಣ ಒಂದೇ: ವಿದ್ಯುತ್ತು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂಬುದನ್ನು ಯಾರೂ ನೋಡಿರುವುದಿಲ್ಲ.

ಸದಸ್ಯರು ದುರಸ್ತಿ ಕಾರ್ಯವನ್ನು ಕಲಿಯಬೇಕೆಂಬುದು ಈ ಲೇಖನದ ಉದ್ದೇಶವಲ್ಲ. ದೋಷವನ್ನು ಹುಡುಕಲು ಒಂದು ಕ್ರಮವಿದೆ. ಆ ಕ್ರಮವನ್ನು ತಿಳಿದ ಸದಸ್ಯರು ಸಿಬ್ಬಂದಿಯನ್ನೂ ದುರಸ್ತಿದಾರರನ್ನೂ ಸರಿಯಾದ ಪ್ರಶ್ನೆ ಕೇಳಬಲ್ಲರು. ಕ್ರಮದ ಸಾರವಿಷ್ಟೇ: ಹುಡುಕಾಟ ಗೋಡೆಯಿಂದ ಆರಂಭವಾಗಿ ಪೆಟ್ಟಿಗೆಯ ಕಡೆಗೆ ಸಾಗಬೇಕು, ವೆಚ್ಚವಿಲ್ಲದ ಪರೀಕ್ಷೆಗಳು ಮುಗಿದ ನಂತರವೇ ವೆಚ್ಚದ ಮಾತು ಬರಬೇಕು.

ವಿದ್ಯುತ್ತು ಸಾಗಿ ಬರುವ ದಾರಿ

ಮೀಟರಿನಿಂದ ಹೊರಟ 230 ವೋಲ್ಟಿನ ವಿದ್ಯುತ್ತು ಎಂಸಿಬಿ ಎಂಬ ರಕ್ಷಣಾ ಸ್ವಿಚ್ಚನ್ನು ದಾಟಿ ಗೋಡೆಯ ಸಾಕೆಟ್ಟಿಗೆ ಬರುತ್ತದೆ. ಅಲ್ಲಿಂದ ಯುಪಿಎಸ್, ಬಳಿಕ ವಿಸ್ತರಣಾ ಬೋರ್ಡ್, ಬಳಿಕ ಮೂರು ಪಿನ್ನಿನ ತಂತಿ, ಕೊನೆಗೆ ಗಣಕಯಂತ್ರದ ಪೆಟ್ಟಿಗೆಯ ಹಿಂಬದಿ. ಪೆಟ್ಟಿಗೆಯೊಳಗೆ ತಂತಿ ಮೊದಲು ಸೇರುವುದು ಎಸ್‌ಎಂಪಿಎಸ್ ಎಂಬ ಲೋಹದ ಘಟಕವನ್ನು. ಗೋಡೆಯಿಂದ ಬಂದ ಪರ್ಯಾಯ ವಿದ್ಯುತ್ತನ್ನು ಮದರ್‌ಬೋರ್ಡ್, ಹಾರ್ಡ್ ಡಿಸ್ಕ್ ಮೊದಲಾದ ಭಾಗಗಳಿಗೆ ಬೇಕಾದ 12 ವೋಲ್ಟ್, 5 ವೋಲ್ಟ್‌ಗಳಂತಹ ಕಡಿಮೆ ಒತ್ತಡದ ನೇರ ವಿದ್ಯುತ್ತಾಗಿ ಪರಿವರ್ತಿಸುವುದು ಇದರ ಕೆಲಸ.

ಇಲ್ಲಿ ಒಂದು ವಿಷಯ ಗಮನಾರ್ಹ. ಪೆಟ್ಟಿಗೆಯ ಮುಂಭಾಗದ ಗುಂಡಿಯು ದೀಪದ ಸ್ವಿಚ್ಚಿನಂತೆ ವಿದ್ಯುತ್ತನ್ನು ನೇರವಾಗಿ ಹರಿಸುವುದಿಲ್ಲ. ಯಂತ್ರವು ಆರಿರುವಾಗಲೂ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ ಅಲ್ಪ ಪ್ರಮಾಣದ ವಿದ್ಯುತ್ತನ್ನು ಕೊಡುತ್ತಲೇ ಇರುತ್ತದೆ. ಗುಂಡಿ ಒತ್ತಿದಾಗ ಮದರ್‌ಬೋರ್ಡಿಗೆ ಸಂಕೇತ ಹೋಗುತ್ತದೆ. ಮದರ್‌ಬೋರ್ಡ್ ಎಸ್‌ಎಂಪಿಎಸ್‌ಗೆ ಪೂರ್ಣ ಚಾಲನೆಯ ಆದೇಶ ಕೊಡುತ್ತದೆ. ಒತ್ತಡಗಳು ಸ್ಥಿರವಾದವೆಂಬ ಮರುಸಂಕೇತ ಬಂದ ಮೇಲೆಯೇ ಯಂತ್ರ ಏಳುತ್ತದೆ. ಆದುದರಿಂದ ‘ಗುಂಡಿ ಒತ್ತಿದರೂ ಏನೂ ಆಗುತ್ತಿಲ್ಲ’ ಎಂಬ ದೂರಿಗೆ ಗೋಡೆಯ ಸಾಕೆಟ್ಟು, ತಂತಿ, ಎಸ್‌ಎಂಪಿಎಸ್, ಮದರ್‌ಬೋರ್ಡ್ ಅಥವಾ ಗುಂಡಿಯೇ ಕಾರಣವಾಗಿರಬಹುದು. ಯಾವುದೆಂಬುದು ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಊಹೆಯಿಂದಲ್ಲ.

ಮೊದಲು ಲಕ್ಷಣವನ್ನು ನೋಡುವುದು

‘ಗಣಕಯಂತ್ರ ಕೆಟ್ಟಿದೆ’ ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ.

ಮೊದಲನೆಯದು, ಯಾವ ದೀಪವೂ ಉರಿಯದೆ, ಫ್ಯಾನಿನ ಸದ್ದೂ ಇಲ್ಲದೆ ಯಂತ್ರವು ಸಂಪೂರ್ಣ ನಿಶ್ಚಲವಾಗಿರುವುದು. ಇಲ್ಲಿ ವಿದ್ಯುತ್ತು ಪೆಟ್ಟಿಗೆಯನ್ನು ತಲುಪಿರದ ಸಂಭವವೇ ಹೆಚ್ಚು. ತಲುಪಿದ್ದರೆ ಎಸ್‌ಎಂಪಿಎಸ್ ಕೆಲಸ ಮಾಡುತ್ತಿರುವುದಿಲ್ಲ.

ಎರಡನೆಯದು, ಗುಂಡಿ ಒತ್ತಿದೊಡನೆ ಫ್ಯಾನು ಕ್ಷಣಕಾಲ ತಿರುಗಿ ನಿಲ್ಲುವುದು. ಒಳಗೆ ಎಲ್ಲಿಯೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿರಬಹುದು ಅಥವಾ ಎಸ್‌ಎಂಪಿಎಸ್ ದುರ್ಬಲವಾಗಿರಬಹುದು.

ಮೂರನೆಯದು, ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಆದರೆ ಪರದೆ ಕಪ್ಪಾಗಿರುತ್ತದೆ. ಇದು ಬಹುಮಟ್ಟಿಗೆ ವಿದ್ಯುತ್ತಿನ ಸಮಸ್ಯೆಯಲ್ಲ. ಮಾನಿಟರಿನ ಸ್ವಿಚ್, ಮಾನಿಟರಿನ ಕೇಬಲ್ ಅಥವಾ ಒಳಗಿನ ರ‍್ಯಾಮ್ ಕಾರಣವಾಗಿರಬಹುದು. ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಮೂಡಿದರೆ ಮಾನಿಟರಿಗೆ ವಿದ್ಯುತ್ತು ಬಂದಿದೆ, ಗಣಕಯಂತ್ರದಿಂದ ಚಿತ್ರ ಬರುತ್ತಿಲ್ಲ ಎಂದರ್ಥ.

ನಾಲ್ಕನೆಯದು, ಯಂತ್ರವು ಚಾಲನೆಯಾಗಿ ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಆರುವುದು ಅಥವಾ ಮತ್ತೆ ಮತ್ತೆ ಮರುಚಾಲನೆಯಾಗುವುದು. ಅತಿಯಾದ ಶಾಖ, ಯುಪಿಎಸ್‌ನ ದೋಷ, ಸಡಿಲ ಸಂಪರ್ಕ ಅಥವಾ ಕ್ಷೀಣಿಸಿದ ಎಸ್‌ಎಂಪಿಎಸ್ ಇದಕ್ಕೆ ಕಾರಣವಾಗಬಹುದು.

ಡೇಟಾ ಎಂಟ್ರಿ ಆಪರೇಟರ್ ಅಥವಾ ಕಾರ್ಯದರ್ಶಿಯು ಇವುಗಳಲ್ಲಿ ಯಾವ ಸ್ಥಿತಿ ಎಂಬುದನ್ನು ದೂರವಾಣಿಯಲ್ಲಿ ಸ್ಪಷ್ಟವಾಗಿ ಹೇಳಿದರೂ ದುರಸ್ತಿದಾರರು ಸರಿಯಾದ ಬಿಡಿಭಾಗದೊಂದಿಗೆ ಮೊದಲ ಭೇಟಿಯಲ್ಲಿಯೇ ಬರಲು ಸಾಧ್ಯವಾಗುತ್ತದೆ.

ಪೆಟ್ಟಿಗೆಯನ್ನು ತೆರೆಯದೆ ನಡೆಸಬಹುದಾದ ಪರೀಕ್ಷೆಗಳು

ಈ ಕೆಳಗಿನ ಪರೀಕ್ಷೆಗಳಿಗೆ ಉಪಕರಣವಾಗಲಿ ಹಣವಾಗಲಿ ಬೇಕಿಲ್ಲ. ಕೈ ಒಣಗಿರಬೇಕು, ತಂತಿಯನ್ನು ತೆಗೆಯುವ ಮತ್ತು ಹಾಕುವ ಮುನ್ನ ಸ್ವಿಚ್ಚನ್ನು ಆರಿಸಬೇಕು.

1. ಗಣಕಯಂತ್ರವಿರುವ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಅಥವಾ ಮೇಜಿನ ದೀಪವನ್ನು ಜೋಡಿಸಿ ವಿದ್ಯುತ್ತು ಇದೆಯೇ ಎಂದು ನೋಡುವುದು. ಇಲ್ಲದಿದ್ದರೆ ಎಂಸಿಬಿ ಕೆಳಗಿಳಿದಿದೆಯೇ ಎಂದು ಪರಿಶೀಲಿಸುವುದು. ಒಮ್ಮೆ ಮೇಲೆತ್ತಿದ ಎಂಸಿಬಿ ಕೂಡಲೇ ಮತ್ತೆ ಬಿದ್ದರೆ ಪದೇ ಪದೇ ಮೇಲೆತ್ತದೆ ವಿದ್ಯುತ್ ಕೆಲಸಗಾರರನ್ನು ಕರೆಸುವುದು.

2. ಯುಪಿಎಸ್ ಮತ್ತು ವಿಸ್ತರಣಾ ಬೋರ್ಡನ್ನು ಬಿಟ್ಟು, ಗಣಕಯಂತ್ರವನ್ನು ಗೋಡೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸಿ ಚಾಲನೆ ಮಾಡುವುದು. ಯಂತ್ರ ಎದ್ದರೆ ದೋಷವಿರುವುದು ಯುಪಿಎಸ್ ಅಥವಾ ಬೋರ್ಡಿನಲ್ಲಿ. ಗಣಕಯಂತ್ರಕ್ಕೆ ದುರಸ್ತಿ ಬೇಕಿಲ್ಲ.

3. ತಂತಿಯನ್ನು ಬದಲಿಸಿ ನೋಡುವುದು. ಅನೇಕ ಮಾನಿಟರುಗಳ ತಂತಿಯೂ ಗಣಕಯಂತ್ರದ ತಂತಿಯೂ ಒಂದೇ ಬಗೆಯವು. ಮಾನಿಟರಿನ ತಂತಿಯನ್ನು ಗಣಕಯಂತ್ರಕ್ಕೆ ಹಾಕಿದಾಗ ಯಂತ್ರ ಎದ್ದರೆ, ಬದಲಿಸಬೇಕಾದುದು ತಂತಿಯನ್ನು ಮಾತ್ರ.

4. ಪೆಟ್ಟಿಗೆಯ ಹಿಂಬದಿಯಲ್ಲಿ ಎಸ್‌ಎಂಪಿಎಸ್‌ಗೆ ಪ್ರತ್ಯೇಕ ಸ್ವಿಚ್ ಇದ್ದರೆ ಅದು ಚಾಲನೆಯ ಸ್ಥಾನದಲ್ಲಿದೆಯೇ ಎಂದು ನೋಡುವುದು. ಕಸ ಗುಡಿಸುವಾಗ ಕೈ ತಾಗಿ ಅದು ಆರಿರುವುದುಂಟು. ಕೆಲವು ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಗುರುತಿಸಿದ ಕೆಂಪು ಸ್ವಿಚ್ ಇರುತ್ತದೆ. ನಮ್ಮ ದೇಶದಲ್ಲಿ ಅದು ಸದಾ 230ರಲ್ಲಿಯೇ ಇರಬೇಕು. 115ರಲ್ಲಿಟ್ಟು ಚಾಲನೆ ಮಾಡಿದರೆ ಎಸ್‌ಎಂಪಿಎಸ್ ಸುಡುತ್ತದೆ.

5. ತಂತಿಯನ್ನು ಪೂರ್ಣವಾಗಿ ತೆಗೆದು, ಮುಂಭಾಗದ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿದು, ಬಳಿಕ ತಂತಿ ಜೋಡಿಸಿ ಚಾಲನೆ ಮಾಡುವುದು. ವಿದ್ಯುತ್ತಿನ ಏರಿಳಿತದ ನಂತರ ಮದರ್‌ಬೋರ್ಡಿನಲ್ಲಿ ಉಳಿದ ಅಲ್ಪ ವಿದ್ಯುತ್ತು ಯಂತ್ರವನ್ನು ತಡೆಹಿಡಿದಿರುವ ಸಂದರ್ಭಗಳಲ್ಲಿ ಇಷ್ಟರಿಂದಲೇ ಯಂತ್ರ ಏಳುತ್ತದೆ.

6. ಪ್ರಿಂಟರ್, ಪೆನ್ ಡ್ರೈವ್, ಬೆರಳಚ್ಚು ಸಾಧನ, ಸ್ಕ್ಯಾನರ್ ಮೊದಲಾದ ಎಲ್ಲ ಜೋಡಣೆಗಳನ್ನು ತೆಗೆದು ಚಾಲನೆ ಮಾಡುವುದು. ಯುಎಸ್‌ಬಿ ಸಾಧನವೊಂದರಲ್ಲಿ ಶಾರ್ಟ್ ಆಗಿದ್ದರೆ ಇಡೀ ಯಂತ್ರ ಏಳದಿರಬಹುದು. ಎದ್ದರೆ, ಒಂದೊಂದೇ ಸಾಧನವನ್ನು ಮರುಜೋಡಿಸಿ ದೋಷವಿರುವುದನ್ನು ಗುರುತಿಸಬಹುದು.

ಪುಸ್ತಕದ ಗಾತ್ರದ ಸಣ್ಣ ಮಾದರಿಯ ಗಣಕಯಂತ್ರಗಳಲ್ಲಿ ಎಸ್‌ಎಂಪಿಎಸ್ ಒಳಗಿರುವುದಿಲ್ಲ. ಲ್ಯಾಪ್‌ಟಾಪಿನಂತೆ ಹೊರಗೆ ಅಡಾಪ್ಟರ್ ಇರುತ್ತದೆ. ಅಂತಹವುಗಳಲ್ಲಿ ಮೊದಲು ನೋಡಬೇಕಾದುದು ಅಡಾಪ್ಟರ್ ಮತ್ತು ಅದರ ಪಿನ್ನು.

ಯುಪಿಎಸ್: ಹೆಚ್ಚಾಗಿ ಮರೆತುಹೋಗುವ ಭಾಗ

ಕಚೇರಿಗಳಲ್ಲಿ ಸಾಮಾನ್ಯವಾಗಿ ಬಳಸುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರೆಯನ್ನು ಹೊರಬಲ್ಲದು. ಅದರೊಳಗಿನ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 84 ವ್ಯಾಟ್-ಗಂಟೆಯಷ್ಟು ಶಕ್ತಿ ಮಾತ್ರ. ಆದುದರಿಂದ ಕಡತವನ್ನು ಉಳಿಸಿ ಯಂತ್ರವನ್ನು ಕ್ರಮಬದ್ಧವಾಗಿ ಆರಿಸಲು ಬೇಕಾದ ಕೆಲವು ನಿಮಿಷಗಳಿಗಾಗಿ ಯುಪಿಎಸ್ ಇದೆಯೇ ಹೊರತು ವಿದ್ಯುತ್ ಕಡಿತದ ಗಂಟೆಗಳಲ್ಲಿ ಕೆಲಸ ಮುಂದುವರಿಸಲು ಅಲ್ಲ. ದಿನವೂ ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಬಳಸಿದರೆ ಅದರ ಆಯುಷ್ಯ ಬೇಗನೆ ಮುಗಿಯುತ್ತದೆ.

ಈ ಬಗೆಯ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ; ಸೆಖೆಯ ಕೋಣೆಯಲ್ಲಿ ಅದಕ್ಕಿಂತ ಕಡಿಮೆ. ಬ್ಯಾಟರಿ ಸತ್ತ ಮೇಲೆ ಕೆಲವು ಯುಪಿಎಸ್‌ಗಳು ಗೋಡೆಯಲ್ಲಿ ವಿದ್ಯುತ್ತಿದ್ದರೂ ಚಾಲನೆಯಾಗುವುದಿಲ್ಲ. ಆಗ ಗಣಕಯಂತ್ರವೇ ಕೆಟ್ಟಿತೆಂಬ ತಪ್ಪು ತಿಳಿವಳಿಕೆ ಮೂಡುತ್ತದೆ. ಗ್ರಾಮೀಣ ಭಾಗದಲ್ಲಿ ಇನ್ನೊಂದು ಸ್ಥಿತಿಯೂ ಇದೆ. ಪಂಪ್‌ಸೆಟ್ಟುಗಳು ಓಡುವ ವೇಳೆಯಲ್ಲಿ ಒತ್ತಡ ಕುಸಿದು ಯುಪಿಎಸ್‌ಗೆ ನಿಗದಿಯಾದ ಮಟ್ಟಕ್ಕಿಂತ ಕೆಳಗಿಳಿದರೆ, ಕೋಣೆಯ ದೀಪ ಉರಿಯುತ್ತಿದ್ದರೂ ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ. ಬ್ಯಾಟರಿ ಮುಗಿದೊಡನೆ ಗಣಕಯಂತ್ರ ಆರುತ್ತದೆ. ಯಂತ್ರವು ದಿನವೂ ಒಂದೇ ವೇಳೆಯಲ್ಲಿ ಆರುತ್ತಿದ್ದರೆ ಈ ಕಾರಣವನ್ನು ಮೊದಲು ಪರಿಶೀಲಿಸಬೇಕು.

ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಬಾರದು. ಶಾಯಿಪುಡಿಯನ್ನು ಕಾಗದಕ್ಕೆ ಬೆಸೆಯುವ ಅದರ ಬಿಸಿ ಉರುಳೆಯು ಕೆಲವು ಕ್ಷಣ ನೂರಾರು ವ್ಯಾಟ್ ವಿದ್ಯುತ್ತನ್ನು ಒಮ್ಮೆಗೇ ಎಳೆಯುತ್ತದೆ. ಮುದ್ರಣದ ಆದೇಶ ಕೊಟ್ಟ ಕೂಡಲೇ ಗಣಕಯಂತ್ರ ಆರುವುದಾದರೆ ಪ್ರಿಂಟರನ್ನು ಪ್ರತ್ಯೇಕವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸುವುದೇ ಪರಿಹಾರ.

ಸಿದ್ಧ ಗಣಕಯಂತ್ರಗಳ ವಿಶೇಷ ಲಕ್ಷಣ

ಪಂಚಾಯಿತಿಗಳಲ್ಲಿರುವ ಯಂತ್ರಗಳು ಬಹುಪಾಲು ಕಂಪನಿಯಲ್ಲಿಯೇ ಜೋಡಣೆಯಾಗಿ ಬಂದ ಸಿದ್ಧ ಮಾದರಿಗಳು. ಬಿಡಿಭಾಗಗಳನ್ನು ಕೊಂಡು ಅಂಗಡಿಯಲ್ಲಿ ಜೋಡಿಸಿದ ಯಂತ್ರಕ್ಕೂ ಇವಕ್ಕೂ ದುರಸ್ತಿಯ ದೃಷ್ಟಿಯಿಂದ ಮುಖ್ಯ ವ್ಯತ್ಯಾಸವಿದೆ. ಅಂಗಡಿಯಲ್ಲಿ ಜೋಡಿಸಿದ ಯಂತ್ರದ ಎಸ್‌ಎಂಪಿಎಸ್‌ಗೆ ಸಾಮಾನ್ಯವಾಗಿ 24 ಪಿನ್ನುಗಳ ಪ್ರಮಾಣಿತ ಸಂಪರ್ಕವಿರುತ್ತದೆ. ಯಾವ ತಯಾರಕರದಾದರೂ ಹೊಂದುತ್ತದೆ. ಡೆಲ್, ಎಚ್‌ಪಿ, ಲೆನೊವೊ ಮುಂತಾದ ಸಂಸ್ಥೆಗಳ ಕಚೇರಿ ಮಾದರಿಗಳಲ್ಲಿ ಅನೇಕವುಗಳ ಎಸ್‌ಎಂಪಿಎಸ್‌ನ ಆಕಾರವೂ ಪಿನ್ನುಗಳ ಸಂಖ್ಯೆಯೂ ಬೇರೆ. ಅವುಗಳಿಗೆ ಅದೇ ಮಾದರಿಗೆ ನಿಗದಿಯಾದ ಘಟಕವೇ ಬೇಕು.

ಇದರಿಂದ ಎರಡು ಪರಿಣಾಮಗಳಿವೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಎಸ್‌ಎಂಪಿಎಸ್ ಹೊಂದಲಿಲ್ಲವೆಂಬ ಕಾರಣಕ್ಕೆ ‘ಈ ಯಂತ್ರಕ್ಕೆ ಬಿಡಿಭಾಗ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಬೇಕು’ ಎಂಬ ಸಲಹೆ ಬರಬಹುದು. ಎಸ್‌ಎಂಪಿಎಸ್‌ನ ಮೇಲಿನ ಚೀಟಿಯಲ್ಲಿರುವ ಬಿಡಿಭಾಗ ಸಂಖ್ಯೆಯನ್ನು ಕೊಟ್ಟು ವಿಚಾರಿಸಿದರೆ ಸರಿಯಾದ ಘಟಕ ಅನೇಕ ವೇಳೆ ದೊರೆಯುತ್ತದೆ. ಇನ್ನು, ಹೊಂದದ ಘಟಕವನ್ನು ಗೊತ್ತುಗುರಿಯಿಲ್ಲದ ಪರಿವರ್ತಕ ತಂತಿಯ ಮೂಲಕ ಬಲವಂತವಾಗಿ ಜೋಡಿಸಿದರೆ ಅಲ್ಲಿಯವರೆಗೆ ಚೆನ್ನಾಗಿದ್ದ ಮದರ್‌ಬೋರ್ಡ್ ನಿಜವಾಗಿಯೂ ಸುಡಬಹುದು.

ಸಿದ್ಧ ಯಂತ್ರಗಳಲ್ಲಿ ಒಂದು ಅನುಕೂಲವೂ ಇದೆ. ದೋಷವಿದ್ದಾಗ ಮುಂಭಾಗದ ಗುಂಡಿಯ ದೀಪ ನಿರ್ದಿಷ್ಟ ಬಣ್ಣದಲ್ಲಿ, ನಿರ್ದಿಷ್ಟ ಸಂಖ್ಯೆಯಲ್ಲಿ ಮಿನುಗುತ್ತದೆ. ಕೆಲವು ಮಾದರಿಗಳು ಬೀಪ್ ಸದ್ದನ್ನೂ ಮಾಡುತ್ತವೆ. ಇದು ಯಂತ್ರವೇ ತನ್ನ ದೋಷವನ್ನು ಹೇಳಿಕೊಳ್ಳುವ ಭಾಷೆ. ದೀಪದ ಬಣ್ಣವನ್ನು ಮತ್ತು ಮಿನುಗಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅಥವಾ ಮೊಬೈಲಿನಲ್ಲಿ ಚಿತ್ರೀಕರಿಸಿ, ಕಂಪನಿಯ ಸೇವಾ ಕೇಂದ್ರಕ್ಕೆ ತಿಳಿಸಿದರೆ ದೋಷವಿರುವ ಭಾಗವನ್ನು ಅವರು ದೂರದಿಂದಲೇ ಅಂದಾಜಿಸಬಲ್ಲರು. ಕೆಲವು ಮಾದರಿಗಳ ಎಸ್‌ಎಂಪಿಎಸ್‌ನ ಹಿಂಬದಿಯಲ್ಲಿ ಸ್ವಯಂ ಪರೀಕ್ಷೆಯ ಪುಟ್ಟ ಗುಂಡಿ ಹಾಗೂ ಹಸಿರು ದೀಪ ಇರುತ್ತವೆ. ಗುಂಡಿ ಒತ್ತಿದಾಗ ಹಸಿರು ದೀಪ ಉರಿದರೆ ಎಸ್‌ಎಂಪಿಎಸ್ ಬಹುಮಟ್ಟಿಗೆ ಸರಿಯಿದೆ ಎಂದು ತಿಳಿಯಬಹುದು.

ಖಾತರಿ ಅವಧಿಯೊಳಗಿನ ಯಂತ್ರವನ್ನು ಹೊರಗಿನವರಿಂದ ತೆರೆಸಬಾರದು. ಸರ್ಕಾರಿ ಇ-ಮಾರುಕಟ್ಟೆಯಾದ ಜೆಮ್ ಮೂಲಕ ಖರೀದಿಸಿದ ಯಂತ್ರಗಳ ಒಪ್ಪಂದ ಪತ್ರದಲ್ಲಿ ಖಾತರಿಯ ವರ್ಷಗಳು ನಮೂದಾಗಿರುತ್ತವೆ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ನಮೂದಿಸಿ ಖಾತರಿ ಉಳಿದಿದೆಯೇ ಎಂದು ನೋಡಬಹುದು. ಖಾತರಿಯಿದ್ದೂ ಹಣ ಕೊಟ್ಟು ದುರಸ್ತಿ ಮಾಡಿಸಿದರೆ ಅದು ತಪ್ಪಿಸಬಹುದಾಗಿದ್ದ ವೆಚ್ಚ.

ಪೆಟ್ಟಿಗೆಯ ಒಳಗಿನ ಕೆಲಸದ ಮಿತಿ

ಖಾತರಿ ಮುಗಿದ ಯಂತ್ರವಾದರೆ, ತಂತಿಯನ್ನು ತೆಗೆದ ಮೇಲೆ, ತಿಳಿವಳಿಕೆಯುಳ್ಳವರು ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಧೂಳು ಸ್ವಚ್ಛಗೊಳಿಸಬಹುದು. ರ‍್ಯಾಮನ್ನು ಹೊರತೆಗೆದು ಮರಳಿ ಭದ್ರವಾಗಿ ಕೂರಿಸಬಹುದು. ಸಡಿಲವಾದ ಸಂಪರ್ಕಗಳನ್ನು ಒತ್ತಬಹುದು. ಇರುವೆ, ಹಲ್ಲಿ, ಇಲಿಗಳು ಒಳಗೆ ಸೇರಿವೆಯೇ ಎಂಬುದನ್ನೂ ಆಗಲೇ ನೋಡಬೇಕು. ಹಿಂಬದಿಯಲ್ಲಿ ತೆಗೆದುಬಿಟ್ಟ ತಗಡಿನ ಪಟ್ಟಿಗಳ ಕಿಂಡಿಗಳೇ ಅವುಗಳ ಬಾಗಿಲು, ಅವನ್ನು ಮುಚ್ಚಿಸಬೇಕು.

ಎಸ್‌ಎಂಪಿಎಸ್‌ನ ಲೋಹದ ಕವಚವನ್ನು ಮಾತ್ರ ಕಚೇರಿಯಲ್ಲಿ ಯಾರೂ ತೆರೆಯಬಾರದು. ಅದರೊಳಗಿನ ಕೆಪಾಸಿಟರ್‌ಗಳು 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ತನ್ನು ತಂತಿ ತೆಗೆದ ನಂತರವೂ ಸ್ವಲ್ಪ ಕಾಲ ಹಿಡಿದಿಟ್ಟುಕೊಂಡಿರಬಲ್ಲವು. ಅದು ಪ್ರಾಣಾಪಾಯದ ಮಟ್ಟ. ಸುಟ್ಟ ವಾಸನೆ, ಹೊಗೆ, ಕಿಡಿ ಅಥವಾ ‘ಪಟ್’ ಎಂಬ ಸದ್ದು ಕಂಡುಬಂದ ಯಂತ್ರವನ್ನು ಮತ್ತೊಮ್ಮೆ ಚಾಲನೆ ಮಾಡಿ ನೋಡುವ ಪ್ರಯತ್ನವನ್ನೂ ಮಾಡಬಾರದು.

ಗಡಿಯಾರ ಹಿಂದೆ ಹೋದರೆ

ವಿದ್ಯುತ್ತಿನ ಸಮಸ್ಯೆಯೆಂದು ಕಾಣದ, ಆದರೆ ವಿದ್ಯುತ್ತಿಗೇ ಸಂಬಂಧಿಸಿದ ಒಂದು ದೋಷವಿದೆ. ಯಂತ್ರ ಎದ್ದಿದೆ, ಅಂತರ್ಜಾಲವಿದೆ, ಆದರೆ ಸರ್ಕಾರಿ ಜಾಲತಾಣಗಳು ತೆರೆಯುವುದಿಲ್ಲ. ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಮೂಡುತ್ತದೆ. ಡಿಜಿಟಲ್ ಸಹಿ ಸ್ವೀಕೃತವಾಗುವುದಿಲ್ಲ. ಪರದೆಯ ಮೂಲೆಯ ದಿನಾಂಕವನ್ನು ನೋಡಿದರೆ ಅದು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ.

ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ 3 ವೋಲ್ಟಿನ ಪುಟ್ಟ ಬ್ಯಾಟರಿಯೊಂದಿದೆ; ಸಾಮಾನ್ಯವಾಗಿ ಅದು ಸಿಆರ್ 2032 ಎಂಬ ಹೆಸರಿನದು. ಯಂತ್ರಕ್ಕೆ ವಿದ್ಯುತ್ತಿಲ್ಲದಾಗ ಗಡಿಯಾರವನ್ನು ನಡೆಸುವುದು ಇದೇ. ಇದು ಬರಿದಾದರೆ ಪ್ರತಿ ವಿದ್ಯುತ್ ಕಡಿತದ ನಂತರ ದಿನಾಂಕ ಹಿಂದೆ ಹೋಗುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳಿಗೆ ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಅವಧಿ ಇರುವುದರಿಂದ, ಯಂತ್ರದ ದಿನಾಂಕ ತಪ್ಪಾದರೆ ಅವು ಅಮಾನ್ಯವಾಗಿ ಕಾಣುತ್ತವೆ. ದಿನಾಂಕವನ್ನು ಸರಿಪಡಿಸಿದರೆ ಅಂದಿನ ಕೆಲಸ ನಡೆಯುತ್ತದೆ. ಪೇಟೆಯ ಯಾವುದೇ ಗಡಿಯಾರದಂಗಡಿಯಲ್ಲಿ ಸಿಗುವ ಅಗ್ಗದ ಬ್ಯಾಟರಿಯನ್ನು ಬದಲಿಸಿದರೆ ಸಮಸ್ಯೆ ತೀರುತ್ತದೆ. ‘ಸರ್ವರ್ ಇಲ್ಲ’ ಎಂದು ಜನರನ್ನು ಹಿಂದಕ್ಕೆ ಕಳುಹಿಸುವ ಮುನ್ನ ದಿನಾಂಕವನ್ನು ನೋಡುವುದು ಅವಶ್ಯ.

ಯಂತ್ರವು ತಾನಾಗಿ ಆರುತ್ತಿದ್ದರೆ

ಚಾಲನೆಯಾದ ಹತ್ತು ಹದಿನೈದು ನಿಮಿಷಗಳ ನಂತರ, ಅದರಲ್ಲಿಯೂ ಮಧ್ಯಾಹ್ನದ ವೇಳೆಯಲ್ಲಿ ಆರುವ ಯಂತ್ರದಲ್ಲಿ ಶಾಖವನ್ನು ಶಂಕಿಸಬೇಕು. ಫ್ಯಾನಿನ ಕಿಂಡಿಗಳನ್ನು ಗೋಡೆಗೆ ಒತ್ತಿ ಇಟ್ಟಿರುವುದು, ಪೆಟ್ಟಿಗೆಯ ಮೇಲೆ ಕಡತ ಪೇರಿಸಿರುವುದು, ಒಳಗೆ ಧೂಳು ತುಂಬಿರುವುದು ಇದಕ್ಕೆ ಕಾರಣಗಳು. ಸುತ್ತಲೂ ಗೇಣಷ್ಟು ಜಾಗ ಬಿಟ್ಟು ಸ್ವಚ್ಛಗೊಳಿಸಿದರೆ ಅನೇಕ ಯಂತ್ರಗಳು ಸರಿಹೋಗುತ್ತವೆ.

ಯಾವ ವೇಳೆಗೆ ಆರಿತು ಎಂಬುದಕ್ಕೆ ಯಂತ್ರದಲ್ಲಿಯೇ ದಾಖಲೆಯಿದೆ. ವಿಂಡೋಸ್‌ನ ಈವೆಂಟ್ ವ್ಯೂವರ್ ಎಂಬ ಭಾಗದಲ್ಲಿ ಕರ್ನಲ್-ಪವರ್ ಹೆಸರಿನ 41ನೇ ಸಂಖ್ಯೆಯ ನಮೂದು, ಯಂತ್ರವು ಕ್ರಮಬದ್ಧವಾಗಿ ಮುಚ್ಚದೆ ಮರುಚಾಲನೆಯಾಯಿತು ಎಂಬುದನ್ನು ತಿಳಿಸುತ್ತದೆ. ಅದು ಕಾರಣವನ್ನು ಹೇಳುವುದಿಲ್ಲ. ಆದರೆ ಅಲ್ಲಿರುವ ದಿನ ಮತ್ತು ವೇಳೆಯನ್ನು ವಿದ್ಯುತ್ ಕಡಿತದ ವೇಳೆಯೊಂದಿಗೆ ಹೋಲಿಸಿದರೆ ದೋಷವಿರುವುದು ಕಟ್ಟಡದಲ್ಲೋ ಯಂತ್ರದಲ್ಲೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಭೂಸಂಪರ್ಕ, ಸಿಡಿಲು ಮತ್ತು ಕಟ್ಟಡದ ತಂತಿಗಳು

ಒಂದು ಕಚೇರಿಯಲ್ಲಿ ಎಸ್‌ಎಂಪಿಎಸ್ ಮೇಲಿಂದ ಮೇಲೆ ಸುಡುತ್ತಿದ್ದರೆ ತಪ್ಪನ್ನು ಗಣಕಯಂತ್ರದಲ್ಲಿ ಹುಡುಕಿ ಫಲವಿಲ್ಲ, ಕಟ್ಟಡವನ್ನು ಪರೀಕ್ಷಿಸಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪವೂ ಉದ್ದವೂ ಆದ ಪಿನ್ನು ಭೂಸಂಪರ್ಕದ್ದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಿದ ಪ್ಲಗ್ಗುಗಳು ಅಪಾಯಕಾರಿ. ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿದಾಗ ಜುಮ್ಮೆನ್ನುವುದಾದರೆ ಭೂಸಂಪರ್ಕ ಇಲ್ಲವೆಂದೇ ತಿಳಿದು, ಯಂತ್ರದ ಬಳಕೆ ನಿಲ್ಲಿಸಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷಿಸಬೇಕು. ಭೂಸಂಪರ್ಕದ ಗುಂಡಿಯ ಸುತ್ತಲಿನ ಮಣ್ಣು ಬೇಸಿಗೆಯಲ್ಲಿ ಒಣಗಿ ಸಂಪರ್ಕ ದುರ್ಬಲವಾಗುತ್ತದೆ. ಅದಕ್ಕೆ ನಿಯತವಾಗಿ ನೀರು ಹಾಕಿಸುವುದು ಕಚೇರಿಯ ನಿರ್ವಹಣೆಯ ಭಾಗವಾಗಬೇಕು.

ಮೂರು ಫೇಸ್ ಸಂಪರ್ಕವುಳ್ಳ ಕಟ್ಟಡದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಒಂದು ಫೇಸಿನ ಒತ್ತಡ 230 ವೋಲ್ಟಿನಿಂದ 400 ವೋಲ್ಟಿನ ಸಮೀಪಕ್ಕೂ ಏರಬಹುದು. ಕೆಲವು ದೀಪಗಳು ಕಣ್ಣು ಕುಕ್ಕುವಷ್ಟು ಪ್ರಖರವಾಗಿ, ಕೆಲವು ಮಂಕಾಗಿ ಉರಿಯುವುದು ಇದರ ಗುರುತು. ಹೀಗೆ ಕಂಡೊಡನೆ ಮುಖ್ಯ ಸ್ವಿಚ್ಚನ್ನು ಆರಿಸಿ ವಿದ್ಯುತ್ ಸರಬರಾಜು ಕಂಪನಿಯ 1912 ಸಹಾಯವಾಣಿಗೆ ತಿಳಿಸಬೇಕು. ಕೆಲವು ನಿಮಿಷಗಳ ವಿಳಂಬಕ್ಕೆ ಕಚೇರಿಯ ಎಲ್ಲ ಯಂತ್ರಗಳೂ ಬಲಿಯಾಗಬಹುದು.

ಏಪ್ರಿಲ್ ಮತ್ತು ಮೇ ತಿಂಗಳ ಮುಂಗಾರು ಪೂರ್ವ ಮಳೆಯ ದಿನಗಳಲ್ಲಿ, ಸಂಜೆ ಕಚೇರಿ ಮುಚ್ಚುವಾಗ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರತೆಗೆಯಬೇಕು. ಸಿಡಿಲಿನ ಆಘಾತ ಅಂತರ್ಜಾಲದ ತಂತಿಯ ಮೂಲಕವೂ ಬರುವುದರಿಂದ ಅದನ್ನೂ ಬೇರ್ಪಡಿಸಬೇಕು. ಕಡಿತದ ನಂತರ ವಿದ್ಯುತ್ತು ಮರಳಿದಾಗ ಐದು ನಿಮಿಷ ಕಾದು ಯಂತ್ರ ಚಾಲನೆ ಮಾಡುವುದು ಕ್ಷೇಮ.

ದತ್ತಾಂಶ, ವೆಚ್ಚ ಮತ್ತು ವಿಲೇವಾರಿ

ಎಸ್‌ಎಂಪಿಎಸ್ ಕೆಟ್ಟರೆ ಕಡತಗಳು ಹೋದವೆಂದು ಅರ್ಥವಲ್ಲ. ಕಡತಗಳಿರುವುದು ಪ್ರತ್ಯೇಕವಾದ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ದುರಸ್ತಿಗೆ ಯಂತ್ರವನ್ನು ಹೊರಗೆ ಕಳುಹಿಸುವಾಗ ಡಿಸ್ಕನ್ನು ಕಚೇರಿಯಲ್ಲಿಯೇ ಉಳಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಗ್ರಾಮಸ್ಥರ ಆಧಾರ್, ಬ್ಯಾಂಕ್ ಖಾತೆ ಮತ್ತು ಆಸ್ತಿಯ ವಿವರಗಳಿರುತ್ತವೆ. ಡಿಜಿಟಲ್ ಸಹಿಯ ಸಾಧನವನ್ನು ಯಂತ್ರಕ್ಕೆ ಚುಚ್ಚಿಯೇ ಕಳುಹಿಸಬಾರದು.

ಬಳಕೆಗೆ ಬಾರದ ಯಂತ್ರವನ್ನು ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಆಶಯದಂತೆ ಅದು ನೋಂದಾಯಿತ ಮರುಬಳಕೆದಾರರನ್ನು ತಲುಪಬೇಕು. ಯುಪಿಎಸ್‌ನ ಹಳೆಯ ಸೀಸದ ಬ್ಯಾಟರಿಗೆ ಬೆಲೆಯಿದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದರ ಮೌಲ್ಯ ಬಿಲ್ಲಿನಲ್ಲಿ ಕಡಿತವಾಗಿದೆಯೇ ಎಂದು ನೋಡಬೇಕು.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಗಣಕಯಂತ್ರದ ದುರಸ್ತಿ ಅಥವಾ ಖರೀದಿಯ ವಿಷಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಈ ಕೆಳಗಿನ ಮಾಹಿತಿಯನ್ನು ಕೇಳಬಹುದು.

1. ಕಂಡ ಲಕ್ಷಣ ಮೇಲಿನ ನಾಲ್ಕರಲ್ಲಿ ಯಾವುದು? ಅದನ್ನು ಯಾರು, ಯಾವ ದಿನ ನೋಡಿದರು?

2. ಯುಪಿಎಸ್ ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ, ತಂತಿಯನ್ನು ಬದಲಿಸಿ ನೋಡಲಾಗಿದೆಯೇ?

3. ಖಾತರಿ ಅವಧಿ ಉಳಿದಿದೆಯೇ? ಕಂಪನಿಗೆ ದೂರು ನೀಡಿ ದೂರಿನ ಸಂಖ್ಯೆ ಪಡೆಯಲಾಗಿದೆಯೇ?

4. ದೋಷವಿರುವ ಭಾಗ ಇಂಥದೇ ಎಂದು ದುರಸ್ತಿದಾರರು ಲಿಖಿತವಾಗಿ ತಿಳಿಸಿದ್ದಾರೆಯೇ? ಬದಲಿ ಭಾಗ ಜೋಡಿಸಿ ಪರೀಕ್ಷಿಸಿ ನೋಡಿದ್ದಾರೆಯೇ?

5. ಬದಲಿಸಿದ ಹಳೆಯ ಭಾಗ ಕಚೇರಿಗೆ ಮರಳಿ, ದಾಸ್ತಾನು ವಹಿಯಲ್ಲಿ ದಾಖಲಾಗಿದೆಯೇ?

6. ಇದೇ ದೋಷ ಹಿಂದೆಯೂ ಆಗಿತ್ತೇ? ಆಗಿದ್ದರೆ ಕಟ್ಟಡದ ಭೂಸಂಪರ್ಕವನ್ನು ಪರೀಕ್ಷಿಸಲಾಗಿದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಪ್ರತಿ ಕಚೇರಿಯಲ್ಲಿ ಗಣಕಯಂತ್ರಗಳಿಗಾಗಿ ಒಂದು ವಹಿ ಇರಬೇಕು. ಯಂತ್ರದ ಕ್ರಮಸಂಖ್ಯೆ, ಖರೀದಿಯ ದಿನಾಂಕ, ಖಾತರಿಯ ಕೊನೆಯ ದಿನಾಂಕ, ಯುಪಿಎಸ್ ಬ್ಯಾಟರಿ ಬದಲಿಸಿದ ದಿನಾಂಕ, ಪ್ರತಿ ದೋಷದ ಲಕ್ಷಣ ಮತ್ತು ಪರಿಹಾರ ಇಷ್ಟನ್ನು ಅದರಲ್ಲಿ ಬರೆದರೆ ಸಾಕು. ಆಪರೇಟರ್ ಅಥವಾ ಕಾರ್ಯದರ್ಶಿ ವರ್ಗಾವಣೆಯಾದರೂ ವಹಿ ಕಚೇರಿಯಲ್ಲಿ ಉಳಿಯುತ್ತದೆ. ಮುಂದಿನ ಬಾರಿ ಯಂತ್ರ ನಿಂತಾಗ ಹುಡುಕಾಟ ಹೊಸದಾಗಿ ಆರಂಭವಾಗಬೇಕಿಲ್ಲ; ಕೂಲಿ ಪಟ್ಟಿಯೂ ನಮೂನೆಗಳೂ ಆದಷ್ಟು ಬೇಗ ಹೊರಬರುತ್ತವೆ.